ಕಥೆಗೂ ಒಂದು ಚಕ್ಕುಬಂದಿ ಬೇಕು: ಪುಸ್ತಕಕ್ಕೆ ಸರಕು ಕೂಡಿಸುವ ಬಗೆ

ನನ್ನ ಮೊದಲ ಕಾದಂಬರಿ ಹೊರಬಂದು ಮೂರು ವಾರ ಆಗಿತ್ತು. ಕಲಬುರಗಿಯಲ್ಲಿ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ, ಬೇವಿನ ಗಿಡದ ಕೆಳಗೆ ನನ್ನ ಮೇಜು. ಒಂದು ಖರೀದಿ ಪತ್ರದ ಕರಡು ತಿದ್ದುತ್ತಾ ಕೂತಿದ್ದೆ, ಫೋನ್ ಬಂತು. ವಾಡಿಯಿಂದ. ರೈಲ್ವೆಯಲ್ಲಿ ದುಡಿದು ರಿಟೈರ್ ಆದವರು.

"ಸರ್, ನಿಮ್ಮ ಪುಸ್ತಕ ಓದೀನ್ರಿ, ಛಲೋ ಅದ. ಒಂದ್ ಮಾತ್ ಕೇಳ್ಲೇನ್ರಿ? ನಿಮ್ಮ ಸಿದ್ದಮ್ಮ ನಲವತ್ತೆಂಟನೇ ಇಸ್ವಿಯಾಗ ಗುಲ್ಬರ್ಗಾದಾಗ ಗಾಡಿ ಹತ್ಯಾಳ, ಹುಮನಾಬಾದ ಮ್ಯಾಲಿಂದ ಹೋಗಿ ಬೀದರದಾಗ ಇಳದಾಳ. ಯಾವ ಗಾಡಿರಿ ಅದು?"

ನನ್ನ ಬಾಯಿಗೆ ಮಾತೇ ಬರಲಿಲ್ಲ. ಕಲಬುರಗಿ–ಬೀದರ್ ರೈಲು ಮಾರ್ಗ ಪೂರ್ತಿ ಓಡಾಟಕ್ಕೆ ತೆರೆದದ್ದು 2017ರ ಅಕ್ಟೋಬರಿನಲ್ಲಿ. ಬರೆಯುವ ಹೊತ್ತಿಗೆ ನಾನು ಆ ಗಾಡಿಯಲ್ಲಿ ನಾಲ್ಕಾರು ಸಲ ಹೋಗಿಬಂದಿದ್ದೆ. ಹಾಗಾಗಿ ಅದು ಮೊದಲಿನಿಂದಲೂ ಇತ್ತೆಂಬಂತೆ ಕೈ ತಾನೇ ಬರೆದುಬಿಟ್ಟಿತ್ತು. ಅವರೇ ಬಿಡಿಸಿ ಹೇಳಿದರು: ಆಗ ಬೀದರಕ್ಕೆ ರೈಲಿನಲ್ಲಿ ಹೋಗುವವರು ಮೊದಲು ವಾಡಿಗೆ ಬರಬೇಕು. ಅಲ್ಲಿ ಇಳಿದು ನಿಜಾಮರ ರೈಲು ಹಿಡಿದು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ವಿಕಾರಾಬಾದಿಗೆ. ಅಲ್ಲಿ ಮತ್ತೆ ಗಾಡಿ ಬದಲಿಸಿದರೆ ಬೀದರ.

ಎರಡು ಜಂಕ್ಷನ್. ಎರಡು ಕಡೆ ಕಾಯುವುದು. ಒಬ್ಬ ಹೆಣ್ಣುಮಗಳು, ಒಬ್ಬಳೇ, ಗಂಟು ತೊಡೆಯ ಮೇಲಿಟ್ಟುಕೊಂಡು, ಆ ವರ್ಷ, ಆ ಪ್ಲಾಟ್‌ಫಾರ್ಮಿನ ಮೇಲೆ. ಒಂದು ಅಧ್ಯಾಯಕ್ಕೆ ಸಾಲುವಷ್ಟು ಸರಕು ಅದು. ನಾನು "ಬೀದರದಲ್ಲಿ ಇಳಿದಳು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ತಪ್ಪು ಮಾಡಿದ್ದಕ್ಕಿಂತ ಆ ಅಧ್ಯಾಯ ಕೈತಪ್ಪಿದ್ದೇ ಹೆಚ್ಚು ಸಂಕಟ ಮಾಡಿತು. ಅದಾದ ಮೇಲೆ ಎರಡನೇ ಕಾದಂಬರಿಗೆ ನಾನು ಸರಕು ಕೂಡಿಸಿದ ರೀತಿಯೇ ಬೇರೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪ್ರೊಫೆಸರ್ ಅಲ್ಲ, 31 ವರ್ಷದಿಂದ ಬಾಂಡ್ ರೈಟರ್. ನನ್ನ ಉಪಾಯಗಳೆಲ್ಲ ಆ ಕಸುಬಿನಿಂದ ಎತ್ತಿಕೊಂಡವು.

ಮೊದಲು ಬರೆಯಿರಿ, ಖಾಲಿ ಬಿಟ್ಟು ಬರೆಯಿರಿ

ಮೊದಲ ಪುಸ್ತಕಕ್ಕೆ ಎರಡು ವರ್ಷ ಬರೀ ಓದಿದೆ. ಹನ್ನೊಂದು ನೋಟ್‌ಬುಕ್ ತುಂಬಿದವು, ಕಾದಂಬರಿಯ ಒಂದು ಪುಟವೂ ಆಗಲಿಲ್ಲ. ಬಹಮನಿ ಸುಲ್ತಾನರು 1347ರಲ್ಲಿ ಗುಲ್ಬರ್ಗಾದಲ್ಲಿ ರಾಜ್ಯ ಕಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಬರೆದುಕೊಂಡಿದ್ದೆ. ನನ್ನ ಕಥೆ ಸಿದ್ದಮ್ಮನದು, 1948ರದು. ಬಹಮನಿಗಳಿಂದ ಅವಳಿಗೇನಾಗಬೇಕಿತ್ತು?

ಈಗ ಉಲ್ಟಾ ಮಾಡುತ್ತೇನೆ. ನೋಂದಣಿ ಪತ್ರದಲ್ಲಿ ಖಾಲಿ ಜಾಗ ಬಿಡಬಾರದು. ಬಿಟ್ಟರೆ ಗೆರೆ ಎಳೆದು ಹೊಡೆದುಹಾಕಬೇಕು, ಇಲ್ಲದಿದ್ದರೆ ನಾಳೆ ಯಾರೋ ಅಲ್ಲಿ ಇನ್ನೇನೋ ತುರುಕುತ್ತಾರೆ. ಕಥೆಯ ಕರಡಿನಲ್ಲಿ ಮಾತ್ರ ಖಾಲಿ ಬಿಡಲೇಬೇಕು. "ಅವನು (ಖಾಲಿ) ರೂಪಾಯಿ ಕೊಟ್ಟು (ಖಾಲಿ) ತಂದ. ಹೆಂಡತಿ ಅದನ್ನು (ಖಾಲಿ)ಯಲ್ಲಿ ಬಚ್ಚಿಟ್ಟಳು." ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಮುಂದೆ ಹೋಗುತ್ತೇನೆ. ನಲವತ್ತು ಪುಟ ಆದಮೇಲೆ ಕೆಂಪು ಸುತ್ತುಗಳನ್ನೆಲ್ಲ ಬೇರೆ ಹಾಳೆಗೆ ಇಳಿಸಿ, ಪ್ರತಿಯೊಂದರ ಮುಂದೆ ಅದು ಎಲ್ಲಿ ಸಿಗುತ್ತದೆ ಅಂತ ಬರೆಯುತ್ತೇನೆ: ತಹಶೀಲಿಗೆ, ಹೈದರಾಬಾದಿಗೆ, ಪಂಚಾಂಗಕ್ಕೆ, ಹಳ್ಳಿಯ ಆಯಿಗೆ. ಹೈದರಾಬಾದಿನ ಸಾಲಿನಲ್ಲಿ ಹತ್ತು ಖಾಲಿ ಕೂಡುವತನಕ ಹೈದರಾಬಾದಿನ ಬಸ್ಸು ಹತ್ತುವುದಿಲ್ಲ. ಖರ್ಚು ಉಳಿಯುತ್ತದೆ. ಅಲ್ಲಿ ಹೋದಮೇಲೆ ಏನು ಕೇಳಬೇಕು ಅಂತ ತಡವರಿಸುವುದೂ ತಪ್ಪುತ್ತದೆ.

ದೃಶ್ಯದ ಚಕ್ಕುಬಂದಿ

ಜಮೀನು ಎಷ್ಟೇ ಸಣ್ಣದಿರಲಿ, ಪತ್ರದಲ್ಲಿ ಚಕ್ಕುಬಂದಿ ಬರೆಯದೆ ಅದು ಜಮೀನೇ ಅಲ್ಲ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇನ್ಯಾರದೋ ಬದು. ಒಂದು ದೃಶ್ಯ ಬರೆಯುವ ಮುಂಚೆಯೂ ನಾನು ಹೀಗೇ ನಾಲ್ಕು ಸಾಲು ಬರೆಯುತ್ತೇನೆ. ನನ್ನ ಎರಡನೇ ಕಾದಂಬರಿಯ ಪಟವಾರಿಯ, ಅಂದರೆ ಹಳ್ಳಿಯ ಜಮೀನಿನ ಲೆಕ್ಕ ಬರೆಯುವವನ, ಮನೆಯ ಕಟ್ಟೆಯದು ಹೀಗಿತ್ತು:

ಪೂರ್ವಕ್ಕೆ ಹನುಮಪ್ಪನ ಗುಡಿಯ ಬೆನ್ನುಗೋಡೆ. ಪಶ್ಚಿಮಕ್ಕೆ ಮಾಲಿ ಪಾಟೀಲರ ವಾಡೆಯ ಬಾಗಿಲು, ತೆರೆದರೆ ಕಿರ್ರ್ ಅನ್ನುವಂಥದ್ದು. ಉತ್ತರಕ್ಕೆ ಕಾಗಿಣಾ ಹೊಳೆಗೆ ಇಳಿಯುವ ಓಣಿ. ದಕ್ಷಿಣಕ್ಕೆ ಮಸೀದಿಯ ಹಿಂದಿನ ಬಯಲು, ಸಂಜೆ ದನ ಬರುವ ದಾರಿ. ಕೆಳಗೆ ಶಹಾಬಾದ ಫರಸಿ, ಮೇಲೆ ಮಣ್ಣಿನ ಮಾಳಿಗೆ.

ಇಷ್ಟು ಬರೆದಮೇಲೆ ಎಷ್ಟೋ ಸಂಗತಿ ತಾವಾಗಿ ತೀರ್ಮಾನವಾದವು. ಗುಡಿಯ ಗೋಡೆ ಪೂರ್ವಕ್ಕಿದ್ದರೆ ಮುಂಜಾನೆ ಕಟ್ಟೆಯ ಮೇಲೆ ನೆರಳು, ಮಂದಿ ಅಲ್ಲಿ ಕೂಡುವುದು ಆಗಲೇ. ಇಳಿಹೊತ್ತಿಗೆ ಫರಸಿ ಕಾಯ್ದು ಕಾಲಿಡಲಾಗದು, ಆಗ ಅಲ್ಲಿ ಗುಟ್ಟಿನ ಮಾತಾಡಿದರೆ ಕೇಳುವವರಿಲ್ಲ. ಪಾಟೀಲರ ಬಾಗಿಲು ಕಿರ್ರೆಂದರೆ ಪಟವಾರಿಗೆ ಒಳಗೆ ಕೂತೇ ಗೊತ್ತಾಗುತ್ತದೆ. ಚಕ್ಕುಬಂದಿ ಬರೆಯಲು ಬಾರದಿದ್ದರೆ ಆ ಊರು ನಿಮಗೆ ಇನ್ನೂ ಗೊತ್ತಿಲ್ಲ. ಆಗ ಅಲ್ಲಿಗೆ ಹೋಗಿ ಒಂದು ದಿನ ಸುಮ್ಮನೆ ಕೂತು ಬನ್ನಿ. ಬಿಸಿಲು ಯಾವ ಹೊತ್ತಿಗೆ ಯಾವ ಗೋಡೆಗೆ ಬೀಳುತ್ತದೆ ಅಂತ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ನಮ್ಮ ಕಡೆಯ ಕಾಲವೇ ಬೇರೆ, ದುಡ್ಡೇ ಬೇರೆ

ಬೆಂಗಳೂರು, ಮೈಸೂರಿನ ಕಡೆಯವರು 1948ಕ್ಕಿಂತ ಹಿಂದಿನ ನಮ್ಮ ಜಿಲ್ಲೆಗಳ ಬಗ್ಗೆ ಬರೆಯುವಾಗ ಎಡವುವುದು ಇಲ್ಲೇ. ನಮ್ಮವರೂ ಎಡವುತ್ತಾರೆ. ಆಗ ನಮ್ಮ ಜಿಲ್ಲೆಗಳು ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿದ್ದವು.

ನಿಜಾಮರ ಕಾಗದದಲ್ಲಿ ಇಸ್ವಿ ಇರುವುದಿಲ್ಲ, ಫಸಲಿ ಇರುತ್ತದೆ. ನಿಜಾಮರ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಕಾಗದವಾದರೆ ಫಸಲಿಗೆ 590 ಕೂಡಿಸಿ, ಜನವರಿಯ ನಂತರದ್ದಾದರೆ 591. ಅಂದರೆ 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್ ಆರಂಭದವರೆಗೆ. ಆ ವರ್ಷದ ಕೊನೆಯ ತಿಂಗಳು ಆಬಾನ್. ಆಬಾನ್ 1357 ಅಂತ ತಾರೀಖು ಹಾಕಿದ ಚೀಟಿ ಕೈಗೆ ಸಿಕ್ಕರೆ ಮೈ ಜುಮ್ಮೆನ್ನಬೇಕು, ಭಾರತದ ಸೈನ್ಯ ಬಂದ ತಿಂಗಳದು.

ದುಡ್ಡು ಎರಡು ಬಗೆ. ನಿಜಾಮರದು ಹಾಲಿ, ಬ್ರಿಟಿಷರದು ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ. ಎಪ್ಪತ್ತು ರೂಪಾಯಿ ಹಾಲಿಗೆ ಎತ್ತು ಮಾರಿದವನು ಗಡಿ ದಾಟಿ ಸೊಲ್ಲಾಪುರದಲ್ಲಿ ಕೈ ಬಿಚ್ಚಿದರೆ ಅದು ಅರವತ್ತೇ. ಗಡಿಯಾಚೆ ಸಂತೆ ಮಾಡುವ ಪಾತ್ರ ನಿಮ್ಮಲ್ಲಿದ್ದರೆ ಈ ಹತ್ತು ರೂಪಾಯಿಯಲ್ಲೇ ಒಂದು ಜಗಳ ಹುಟ್ಟಿಸಬಹುದು. ನಯಾಪೈಸೆ ಬಂದದ್ದು 1957ಕ್ಕೆ. ಅದಕ್ಕೂ ಮುಂಚಿನ ಪಾತ್ರದ ಬಾಯಲ್ಲಿ ಆಣೆಯೇ ಇರಲಿ.

ಜಿಲ್ಲೆಯ ದೊಡ್ಡ ಅಧಿಕಾರಿ ಆಗ ಡಿಸಿ ಅಲ್ಲ, ಅವ್ವಲ್ ತಾಲೂಕ್‌ದಾರ. ಠಾಣೆಯಲ್ಲಿ ಅಮೀನ. ಹಳ್ಳಿಯಲ್ಲಿ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಇನ್ನೊಂದು, ಇದನ್ನು ಬಹಳ ಮಂದಿ ಮರೆಯುತ್ತಾರೆ: ನಿಮ್ಮ ಹಳ್ಳಿ ದಿವಾನಿಯದೋ (ಸರ್ಕಾರದ್ದು), ಸರ್ಫೆಖಾಸೋ (ನಿಜಾಮರ ಸ್ವಂತದ್ದು), ಪಾಯಗಾ ಸೀಮೆಯದೋ (ದೊಡ್ಡ ಅಮೀರ ಮನೆತನಗಳದ್ದು), ಜಾಗೀರಿನದೋ? ಕಂದಾಯ ಯಾರ ಮನೆಗೆ ಹೋಗುತ್ತಿತ್ತು, ರೈತ ಯಾರ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಜಾಗೀರು ರದ್ದಾದದ್ದು 1949ರಲ್ಲಿ.

ಸೋಯಾಬೀನಿನ ಮಾತೂ ಹೇಳಿಬಿಡುತ್ತೇನೆ. ಇಂದು ಬೀದರ ಜಿಲ್ಲೆಯಲ್ಲಿ ಎತ್ತ ನೋಡಿದರೂ ಸೋಯಾ. ಹಸ್ತಪ್ರತಿ ತಿದ್ದಲು ಕೊಟ್ಟ ಗೆಳೆಯನೊಬ್ಬನ ಕಥೆಯಲ್ಲಿ ರಜಾಕಾರರು, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರು, ಸೋಯಾ ಹೊಲದೊಳಗೆ ಕುದುರೆ ಓಡಿಸಿದ್ದರು. ಜೋಳ ಅಂತ ಮಾಡಿಸಿದೆ.

ಚಂದ್ರನನ್ನು ಮರೆಯಬೇಡಿ

ಇದು ನನ್ನ ಎರಡನೇ ಕಾದಂಬರಿಯಲ್ಲಿ ಅಚ್ಚಿಗೆ ಹೋಗುವ ಮುಂಚೆಯೇ ಸಿಕ್ಕ ತಪ್ಪು, ಪುಣ್ಯಕ್ಕೆ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಿಜಾಮರ ಸಂಸ್ಥಾನದ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿಕೊಂಡ. ಆ 17ರ ರಾತ್ರಿ ನನ್ನ ಪಟವಾರಿ ದಫ್ತರದ ಗಂಟು ಹೊತ್ತು ಹೊಳೆಯ ಕಡೆ ಓಡುತ್ತಾನೆ. ಕರಡಿನಲ್ಲಿ "ಕಣ್ಣಿಗೆ ಕೈ ಕಾಣದಂಥ ಕತ್ತಲು" ಅಂತ ಬರೆದಿದ್ದೆ. ಭಯ ಅಂದರೆ ಕತ್ತಲು, ಕೈಗೆ ಅದೇ ಅಭ್ಯಾಸ. ಅದೇ ಕರಡಿನಲ್ಲಿ ಇನ್ನೊಂದು ಕಡೆ ಗುಲ್ಬರ್ಗಾದ ಸೂಫಿ ಸಂತ ಖ್ವಾಜಾ ಬಂದೇನವಾಜರ ಉರುಸು ಬೇಸಿಗೆಯಲ್ಲಿ ನಡೆದಿತ್ತು, ಯಾಕೆಂದರೆ ಈಚಿನ ವರ್ಷಗಳಲ್ಲಿ ನಾನು ಕಂಡದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ.

ಶರಣಬಸವೇಶ್ವರರ ಜಾತ್ರೆ ಹೋಳಿಯ ಬೆನ್ನಿಗೇ ಬರುತ್ತದೆ, ಅದರ ಋತು ಬದಲಾಗುವುದಿಲ್ಲ. ಉರುಸು ಹಾಗಲ್ಲ. ಅದು ಜುಲ್‌ಖಾದಾ ತಿಂಗಳ 15, 16, 17ಕ್ಕೆ. ಹಿಜರಿ ವರ್ಷ ನಮ್ಮದಕ್ಕಿಂತ ಹನ್ನೊಂದು ದಿನ ಗಿಡ್ಡ, ಹಾಗಾಗಿ ಉರುಸು ವರ್ಷವರ್ಷ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ. ಕೂತು ಲೆಕ್ಕ ಹಾಕಿದೆ. 1948ರಲ್ಲಿ ಜುಲ್‌ಖಾದಾ 15 ಬಿದ್ದದ್ದು ಸೆಪ್ಟೆಂಬರ್ 18ರ ಸುಮಾರಿಗೆ. ಚಾಂದ್ ಕಂಡ ಲೆಕ್ಕದಲ್ಲಿ ಒಂದು ದಿನ ಆಚೀಚೆ ಹಿಡಿದರೂ ಅದೇ ವಾರ! ಪಟವಾರಿ ಓಡುವ ರಾತ್ರಿಯೂ ಗುಲ್ಬರ್ಗಾದ ಉರುಸಿನ ತಿಥಿಯೂ ಒಂದಕ್ಕೊಂದು ತಾಗಿಕೊಂಡು ನಿಂತಿವೆ, ನನಗೆ ಸುಳಿವೇ ಇರಲಿಲ್ಲ.

ಪೆನ್ನು ಕೆಳಗಿಟ್ಟ ಮೇಲೆ ಹೊಳೆಯಿತು. ಚಾಂದ್ರಮಾನ ತಿಂಗಳ 15 ಅಂದರೆ ಹುಣ್ಣಿಮೆಯ ಆಸುಪಾಸು. ಹಳೆಯ ಪಂಚಾಂಗ ತೆಗೆದು ನೋಡಿದರೆ 18ಕ್ಕೆ ಭಾದ್ರಪದ ಹುಣ್ಣಿಮೆ. 17ರ ರಾತ್ರಿ ಕತ್ತಲು ಎಲ್ಲಿಂದ ಬರಬೇಕು? ಮೋಡ ಇದ್ದಿರಬಹುದು, ಮಳೆಗಾಲ. ಆದರೆ ಮೋಡ ಸರಿದಾಗೆಲ್ಲ ಪಟವಾರಿಯ ಬಿಳಿ ಧೋತರ ಹೊಲದ ನಡುವೆ ಹೊಳೆಯುತ್ತದೆ, ಅರ್ಧ ಹರದಾರಿ ದೂರಕ್ಕೆ ಕಾಣುತ್ತದೆ. ತೊಗರಿ ಸಾಲಿನೊಳಗೆ ಬಗ್ಗಿಕೊಂಡೇ ಹೋಗಬೇಕು ಅವನು. ದೃಶ್ಯವನ್ನು ಹೊಸದಾಗಿ ಬರೆದೆ. ಕತ್ತಲಿಗಿಂತ ಬೆಳದಿಂಗಳೇ ಹೆಚ್ಚು ಹೆದರಿಸಿತು.

ಯಾವ ಇಸ್ವಿಯ ರಾತ್ರಿಯ ದೃಶ್ಯವಾದರೂ ಸರಿ, ಚಂದ್ರ ಎಲ್ಲಿದ್ದ ಅಂತ ನೋಡಿ. ಹತ್ತು ನಿಮಿಷದ ಕೆಲಸ. ಯಾವ ವರ್ಷದ ಹುಣ್ಣಿಮೆ ಎಂದು ಬಿತ್ತೆಂದು ತೋರಿಸುವ ಪಟ್ಟಿಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ.

ಹಿರಿಯರ ಹತ್ತಿರ ಇತಿಹಾಸ ಕೇಳಬೇಡಿ

ಸೇಡಂ ಕಡೆ, ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ ತೊಂಬತ್ತು ದಾಟಿದ ಒಬ್ಬ ಆಯಿ ಇದ್ದಾರೆ. ಮೊಮ್ಮಗ ನನ್ನ ಹತ್ತಿರ ಪತ್ರ ಬರೆಸಿದವನು, ಅವನೇ ಕರೆದುಕೊಂಡು ಹೋದ. ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಕೂತವನೇ ಫೋನು ತೆಗೆದು ಎದುರಿಗಿಟ್ಟು, "ಆಯಿ, ರಜಾಕಾರರ ಕಾಲದ್ದು ಹೇಳ್ರಿ" ಅಂದೆ.

"ಅವೆಲ್ಲ ಈಗ ಯಾಕ ಬೇಕ್ ತಮ್ಮಾ? ಬಂದ್ರು, ಹೋದ್ರು."

ಮುಗಿಯಿತು. ಚಹಾ ಕುಡಿದು ವಾಪಸು ಬಂದೆ.

ಎರಡನೇ ಸಲ ಹೋದಾಗ ಅವರು ಮೊರದಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದರು. ನನ್ನ ಕೆಂಪು ಸುತ್ತುಗಳ ಹಾಳೆಯಲ್ಲಿ ಒಂದು ಇತ್ತು: "ಕಾಳು (ಖಾಲಿ)ಯಲ್ಲಿ ಇಟ್ಟಿದ್ದರು." ಅದನ್ನೇ ಕೇಳಿದೆ. "ಆಯಿ, ಆಗ ಜ್ವಾಳ ಎಲ್ಲಿ ಇಡ್ತಿದ್ರಿ?"

ಕೈ ನಿಂತಿತು. "ಹಗೇವಿನಾಗ."

"ಎಲ್ಲಿತ್ರಿ ಹಗೇವು?"

ಬೆರಳು ತೋರಿಸಿದ್ದು ಅಂಗಳದಲ್ಲಿ ಮೊಮ್ಮಗನ ಮೋಟರ್‌ಸೈಕಲ್ಲಿನ ಕಡೆಗೆ. "ಆ ಗಾಡಿ ನಿಂತದಲ್ಲ, ಅದರ ಕೆಳಗ. ಬಾಯಿ ಇಷ್ಟೇ, ಒಬ್ಬ ಮನಷ್ಯಾ ಇಳಿಯುವಷ್ಟು. ಒಳಗ ಗಡಿಗಿ ಹಂಗ ಅಗಲ. ತಳಕ್ಕ, ಸುತ್ತ ಕಣಕಿ ಹಾಕಿ ಜ್ವಾಳ ಸುರಿತಿದ್ರು. ಮ್ಯಾಗ ಕಲ್ಲು, ಕಲ್ಲಿನ ಮ್ಯಾಗ ಮಣ್ಣು."

ಅಲ್ಲಿಂದ ಎರಡು ತಾಸು. ಹಗೇವಿನ ಜೋಳದ ರೊಟ್ಟಿಗೆ ಒಂದು ಕಮಟು ವಾಸನೆ ಇರುತ್ತಿತ್ತಂತೆ, ಬೀಗರು ಬಂದ ದಿನ ಹಗೇವಿನದನ್ನು ಮಾಡುತ್ತಿರಲಿಲ್ಲವಂತೆ. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಸತ್ತವರಿದ್ದಾರೆ. "ಒಂದ್ ದಿನ ಬಾಯಿ ತೆಗದು ಬಿಡಬೇಕು. ಆಮ್ಯಾಗ ಹಗ್ಗಕ್ಕ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿತಂದ್ರ ಇಳಿಬಾರ್ದು."

ಸುಮ್ಮನಾದರು. ನಾನೂ ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನಾನೇನಾದರೂ ಕೇಳಿದ್ದರೆ ಕೆಟ್ಟುಹೋಗುತ್ತಿತ್ತು.

"ಆ ವರ್ಷ ಅವರು ಬರ್ತಾರಂತ ಸುದ್ದಿ ಬಂತು. ನಮ್ಮಪ್ಪ ಹೆಣಮಕ್ಕಳನ್ನ ಹಗೇವಿನಾಗ ಇಳಸಮು ಅಂದ. ನಾನು, ನಮ್ಮಕ್ಕ, ಕಾಕಾನ ಮಗಳು. ಕಲ್ಲು ತೆಗದ್ರು. ಅವ್ವ ಕಂದೀಲು ಇಳಿಸಿದ್ಲು. ಆರಿತು. ಅವ್ವ ನಮ್ಮ ಮೂರೂ ಮಂದಿ ಕೈ ಹಿಡಕೊಂಡು ಹೊಲಕ್ಕ ಓಡಿದ್ಲು. ಬೆಳಗಾಗೂತನ ಬಣವಿ ಒಳಗ ಇದ್ದೆವು."

ರಜಾಕಾರರ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಸ್ತುವನ್ನು ಕೇಳಿದೆ, ಸಂಗತಿ ಅದರ ಹಿಂದೆ ಬಂತು. ಈಗ ಯಾರ ಮನೆಗೆ ಹೋದರೂ ಹೀಗೇ ಕೇಳುತ್ತೇನೆ. ನೀರು ಯಾರು ತರುತ್ತಿದ್ದರು, ಯಾವ ಬಾವಿಯಿಂದ? ಕಂದೀಲಿಗೆ ಎಣ್ಣೆ ಎಲ್ಲಿ ಸಿಗುತ್ತಿತ್ತು? ಮದುವೆಯ ಸೀರೆ ಯಾವ ಬಣ್ಣ? ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಯಾರ ಬಂಡಿಯಲ್ಲಿ ಹೋಗುತ್ತಿದ್ದಿರಿ, ಬಜ್ಜಿ ಎಷ್ಟು ಗಡಿಗೆ ಮಾಡುತ್ತಿದ್ದಿರಿ? ಯಾರ ಬಂಡಿಯಲ್ಲಿ ಯಾರು ಕೂಡುತ್ತಿರಲಿಲ್ಲ ಅನ್ನುವುದು ತಾನಾಗಿ ಹೊರಬೀಳುತ್ತದೆ. ಜಾತಿಯ ಬಗ್ಗೆ ನೇರವಾಗಿ ಕೇಳಿದರೆ "ಹಂಗೇನಿಲ್ರಿ, ಎಲ್ಲಾರೂ ಛಲೋ ಇದ್ದೆವು" ಅಂತಲೇ ಉತ್ತರ.

ಸಣ್ಣ ಸಂಗತಿಗಳು ಕೆಲವು. ರೆಕಾರ್ಡ್ ಮಾಡುತ್ತೇನೆ ಅಂತ ಹೇಳಿ, ಒಪ್ಪಿದ ಮೇಲೇ ಮಾಡಿ. ಫೋನನ್ನು ಮಡಚಿದ ಟವಲ್ಲಿನ ಮೇಲಿಡಿ, ಫರಸಿಯ ಮೇಲಿಟ್ಟರೆ ಪಾತ್ರೆ ಸದ್ದೆಲ್ಲ ಅದರಲ್ಲೇ ತುಂಬುತ್ತದೆ. ಮನೆಯ ಗಂಡಸರು ನಡುವೆ ಬಾಯಿ ಹಾಕಿ "ಅಮ್ಮಗ ನೆನಪಿಲ್ರಿ, ನಾ ಹೇಳ್ತೀನಿ" ಅನ್ನುತ್ತಾರೆ. ಅವರು ಹೊಲಕ್ಕೆ ಹೋಗುವ ಹೊತ್ತು ನೋಡಿಕೊಂಡು ಹೋಗಿ.

ಕಸುಬನ್ನು ಕಣ್ಣಿಂದ ನೋಡಬೇಕು

ಆ ಮೊದಲ ಕಾದಂಬರಿಯ ಸಿದ್ದಮ್ಮ ಬೀದರಕ್ಕೆ ಹೋದದ್ದು ಬಿದರಿ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಅಣ್ಣನನ್ನು ನೋಡಲು. ಅಣ್ಣ ಹೂಜಿಗೆ "ಕಪ್ಪು ಬಣ್ಣ ಬಳಿಯುತ್ತಿದ್ದ" ಅಂತ ಬರೆದಿದ್ದೆ. ವಾಡಿಯ ಫೋನಿನ ನಂತರ, ಅದೇ ಹೊಸ ರೈಲು ಹತ್ತಿ ಬೀದರಕ್ಕೆ ಹೋಗಿ ಒಂದು ಕಾರ್ಖಾನೆಯಲ್ಲಿ ಇಡೀ ದಿನ ಕೂತೆ.

ಬಣ್ಣ ಬಳಿಯುವುದೇ ಇಲ್ಲ. ಸತುವಿನ ಜೊತೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಬರಿಸುತ್ತಾರೆ, ಗೀರಿದ ಚಿತ್ರ ಕಾಣಲಿ ಅಂತ. ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲ ಒಂದೇ ಬೂದು, ಬೆಳ್ಳಿ ಯಾವುದು ಸತು ಯಾವುದು ತಿಳಿಯದು. ಕಡೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ, ಬಿಸಿ ಮಾಡಿದ ಹೂಜಿಗೆ ಹಚ್ಚುತ್ತಾರೆ. ಸತು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ನಾನು ಕೂತ ದಿನ ಹಿರಿಯ ಕಾರೀಗಾರರು ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿ, ಒಂದು ಕ್ಷಣ ಕಣ್ಣು ಮುಚ್ಚಿ, "ಇದು ಬ್ಯಾಡ" ಅಂತ ಆ ಡಬ್ಬಿ ಬದಿಗೆ ಸರಿಸಿದರು. ಬಿಸಿಲು ಮಳೆ ಕಾಣದ ಮಣ್ಣೇ ಬೇಕು, ರುಚಿಯಿಂದ ಗೊತ್ತಾಗುತ್ತದೆ ಎಂದರು. ಬಿದರಿಯ ಬಗ್ಗೆ ಎಷ್ಟೋ ಓದಿದ್ದೆ, ಬೇಡದ ಮಣ್ಣಿನ ಡಬ್ಬಿಯನ್ನು ಎಡಗೈಯಿಂದ ಸರಿಸುವ ಆ ರೀತಿ ಎಲ್ಲೂ ಸಿಕ್ಕಿರಲಿಲ್ಲ. ಕಾರೀಗಾರರ ಕೆಲಸದ ಹೊತ್ತಿನಲ್ಲಿ ಕೇಳುತ್ತಾ ಕೂರಬೇಡಿ. ಪ್ರಶ್ನೆಗಳನ್ನೆಲ್ಲ ಚಹಾದ ಹೊತ್ತಿಗೆ ಇಟ್ಟುಕೊಳ್ಳಿ. ಬರುವಾಗ ಅಂಗಿಗೆ ಹಚ್ಚುವ ಒಂದು ಬಿದರಿ ಗುಂಡಿಯಾದರೂ ದುಡ್ಡು ಕೊಟ್ಟು ತಗೊಳ್ಳಿ.

ಕಾಗದ ಹುಡುಕುವುದು

ಇದನ್ನು ಚುಟುಕಾಗಿ ಹೇಳುತ್ತೇನೆ, ನನ್ನ ದಿನದ ಕೆಲಸವೇ ಇದು, ಬರೆಯಲು ಬೇಸರ.

ಶುರುವಿಗೆ ಜಿಲ್ಲಾ ಗೆಝೆಟಿಯರ್. ಗುಲ್ಬರ್ಗಾದ್ದು 1966ರದು, ಬೀದರದ್ದು 1977ರದು. 1951ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಊರೂರಿನ ಲೆಕ್ಕ ಇದೆ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಹಳೆಯ ಕೈಪಿಡಿಗಳ ಸ್ಕ್ಯಾನ್ ಸಿಗುತ್ತದೆ.

ಹಳೆಯ ಜಿಲ್ಲೆಯ ಗೆರೆ ಇಂದಿನದಲ್ಲ. ಯಾದಗಿರಿ, ಶಹಾಪುರ, ಸುರಪುರದ ಕಾಗದ ಹುಡುಕುವವರು ಗುಲ್ಬರ್ಗಾ ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು. ಬೀದರ ಜಿಲ್ಲೆ 1956ರಲ್ಲಿ ಮೂರು ಪಾಲಾಯಿತು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ, ಉದಗೀರ, ನಿಲಂಗಾ ಮರಾಠಿ ಸೀಮೆಗೆ. ನಿಮ್ಮ ಪಾತ್ರದ ಬೀಗರ ಊರಿನ ದಾಖಲೆ ಇಂದು ಬೇರೆ ರಾಜ್ಯದಲ್ಲಿರಬಹುದು.

ಹಳ್ಳಿಯ ಹೊಲ ಯಾರದಿತ್ತು ಅಂತ ಬೇಕಾದರೆ ಸೇತ್ವಾರ್ (ಸರ್ವೆಯ ಹೊತ್ತಿನ ಜಮೀನಿನ ಪಟ್ಟಿ), ಹಳೆಯ ಪಹಣಿಗಳ ನಕಲಿಗೆ ಅರ್ಜಿ ಹಾಕಿ. ಸುಮ್ಮನೆ ಕೇಳಿದರೆ ಸಿಗದ್ದು ಮಾಹಿತಿ ಹಕ್ಕಿನಲ್ಲಿ ಸಿಗುವುದುಂಟು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, 30 ದಿನದೊಳಗೆ ಉತ್ತರ. "ನಮ್ಮೂರಿನ ಇತಿಹಾಸದ ಮಾಹಿತಿ ಕೊಡಿ" ಅಂತ ಬರೆದರೆ ಲಭ್ಯವಿಲ್ಲ ಅಂತ ಒಂದೇ ಸಾಲು ಬರುತ್ತದೆ. ಊರು, ಸರ್ವೆ ನಂಬರು, ವರ್ಷ, ಯಾವ ರಿಜಿಸ್ಟರಿನ ಯಾವ ನಕಲು ಅಂತ ಬರೆಯಿರಿ.

ನಿಜಾಮ ಸರ್ಕಾರದ ದೊಡ್ಡ ಕಾಗದಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ, ಹೆಚ್ಚಿನವು ಫಾರಸಿ, ಉರ್ದುವಿನಲ್ಲಿ. ಅಚ್ಚಿನ ಉರ್ದು ಓದುವ ಹುಡುಗರನ್ನು ಕರೆದುಕೊಂಡು ಹೋಗಿ ನಾನು ಒಂದು ಸಲ ಕೈಸುಟ್ಟುಕೊಂಡೆ. ದಫ್ತರದ ಕೈಬರಹ ಶಿಕಸ್ತಾ, ಅಕ್ಷರ ಅಕ್ಷರಕ್ಕೆ ಹೆಣೆದುಕೊಂಡಿರುತ್ತದೆ. ಹಣದ ಲೆಕ್ಕ ರಖಂ ಅಂಕಿಗಳಲ್ಲಿ, ಅವು ಮಾಮೂಲಿ ಉರ್ದು ಅಂಕಿಗಳಲ್ಲ. ಅದನ್ನು ಓದಬಲ್ಲ ಹಿರಿಯ ಮುನ್ಷಿಗಳು, ಉರ್ದು ಶಾಲೆಯ ನಿವೃತ್ತ ಮಾಸ್ತರರು ನಮ್ಮ ಕಲಬುರಗಿಯ ಗಲ್ಲಿಗಳಲ್ಲಿ ಇನ್ನೂ ಇದ್ದಾರೆ. ಪುಟಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ ದುಡ್ಡು ಕೊಡಿ. ಸಾಹಿತ್ಯ ಸೇವೆ ಅಂತ ಬಿಟ್ಟಿ ಓದಿಸಬೇಡಿ.

ಕಾಗದ ಯಾವಾಗಲೂ ಕಪಾಟಿನಲ್ಲೇ ಇರುತ್ತದೆ ಅಂತಲೂ ಅಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಮೂರ್ತಿ ಕೂರಿಸಲು ಅದರ ನಟ್ಟನಡುವೆ ತೂತು ಕೊರೆದಿದ್ದರು. ಹಳ್ಳಿಮನೆಗಳಲ್ಲಿ ದೇವರ ಮಾಡದ ಕೆಳಗೆ, ಪೆಟ್ಟಿಗೆಯ ತಳಕ್ಕೆ ಹಾಸಿದ ಹಾಳೆಗಳನ್ನೂ ಕೇಳಿ ನೋಡಿ.

ಇಬ್ಬರು ಸಾಕ್ಷಿ, ಎರಡು ಓಣಿ

ಪತ್ರಕ್ಕೆ ಇಬ್ಬರು ಸಾಕ್ಷಿ ಹಾಕಿಸುವಂತೆ ನಾನು ಪ್ರತಿ ಸಂಗತಿಗೂ ಇಬ್ಬರನ್ನು ಹುಡುಕುತ್ತೇನೆ. ಒಂದೇ ಮನೆಯ ಇಬ್ಬರು ಹೇಳಿದರೆ ಅದು ಒಂದೇ ಸಾಕ್ಷಿ. ನೋಟ್‌ಬುಕ್ಕಿನಲ್ಲಿ ಪ್ರತಿ ಹೇಳಿಕೆಯ ಪಕ್ಕದಲ್ಲಿ ಯಾರು, ಎಷ್ಟು ವಯಸ್ಸು, ಯಾವ ತಾರೀಖು, ಜೊತೆಗೆ "ಕಂಡದ್ದು" ಅಥವಾ "ಕೇಳಿದ್ದು" ಅಂತ ಬರೆಯುತ್ತೇನೆ. ಬಹಳಷ್ಟು ಕೇಳಿದ್ದೇ ಆಗಿರುತ್ತದೆ.

1948ರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸೆಪ್ಟೆಂಬರಿಗೆ ಮುಂಚೆ ರಜಾಕಾರರು ಮಾಡಿದ್ದು, ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ, ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಸೆಪ್ಟೆಂಬರಿನ ನಂತರ ಮುಸಲ್ಮಾನರ ಓಣಿಗಳಲ್ಲಿ ನಡೆದ ಕೊಲೆ, ಲೂಟಿಯ ಮಾತು ಆ ಓಣಿಗಳ ಒಳಗೇ ಉಳಿದಿದೆ. ಭಾರತ ಸರ್ಕಾರ ಕಳಿಸಿ, ಅದನ್ನು ನೋಡಿಬಂದ ಸುಂದರಲಾಲ್ ಸಮಿತಿಯ ವರದಿ ಜನರ ಓದಿಗೆ ಸಿಕ್ಕದ್ದೇ 2013ರಲ್ಲಿ. ನನ್ನ ಪಟವಾರಿಯ ಮನೆಯ ದಕ್ಷಿಣಕ್ಕೆ ಮಸೀದಿಯ ಬಯಲು ಅಂತ ಚಕ್ಕುಬಂದಿಯಲ್ಲಿ ನಾನೇ ಬರೆದಿದ್ದೆ. ಆ ಬಯಲಿನ ಕಡೆಯ ಬಾಗಿಲುಗಳನ್ನು ತಟ್ಟದೆ ಕಾದಂಬರಿ ಮುಗಿಸುವುದು ಹೇಗೆ? ಒಂದು ಮನೆಯಲ್ಲಿ ಮೂರು ಸಲ ಚಹಾ ಕುಡಿದೆ, ಏನೂ ಹೇಳಲಿಲ್ಲ. ನಾಲ್ಕನೇ ಸಲ ಮನೆಯ ಹಿರಿಯರು ಒಂದು ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. ಅದರ ಬೀಗವೂ ಇಲ್ಲ, ಆ ಬಾಗಿಲೂ ಇಲ್ಲ. ಇನ್ನೂ ಹೆಚ್ಚು ಇಲ್ಲಿ ಬರೆಯುವುದಿಲ್ಲ, ಬರೆಯಬೇಡ ಅಂದಿದ್ದಾರೆ. ಪುಸ್ತಕದಲ್ಲಿ ಬೀಗದ ಕೈ ಮಾತ್ರ ಬಂತು, ಅವರ ಒಪ್ಪಿಗೆಯಿಂದ. ಊರು, ಹೆಸರು ಬದಲಿಸಿದ್ದೇನೆ.

ಅಚ್ಚಿಗೆ ಹೋಗುವ ಮುಂಚೆ ಯಾರ ಮಾತು ಬಳಸಿದ್ದೀರೋ ಅವರಿಗೆ ಆ ಭಾಗ ಓದಿ ಹೇಳಿ. ಓದಲು ಬಾರದವರೇ ಹೆಚ್ಚು ಸೂಕ್ಷ್ಮವಾಗಿ ಕೇಳುತ್ತಾರೆ. ಆ ಸೇಡಂ ಕಡೆಯ ಆಯಿಗೆ ಓದಿ ಹೇಳಲು ನನಗೆ ಆಗಿರಲಿಲ್ಲ, ಆಗ ಅವರು ಮಗಳ ಊರಿಗೆ ಹೋಗಿದ್ದರು, ಪ್ರೆಸ್ಸಿನವರು ಗಡಿಬಿಡಿ ಮಾಡುತ್ತಿದ್ದರು. ಪುಸ್ತಕ ಬಂದಮೇಲೆ ಒಂದು ಪ್ರತಿ, ಒಂದು ಡಬ್ಬಿ ಪೇಢಾ ಹಿಡಿದು ಹೋದೆ. ಹಗೇವಿನ ಭಾಗ ಓದಿದೆ. ಕಂದೀಲು ಆರಿದಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಆರಲಿಲ್ಲೋ ತಮ್ಮಾ. ಸಣ್ಣಗಾಯ್ತು. ಆರೂತನ ಅವ್ವ ಕಾಯಲಿಲ್ಲ, ಹಗ್ಗ ಎಳದ್ಲು."

ಮನೆಗೆ ಬಂದು ಹಳೆಯ ರೆಕಾರ್ಡಿಂಗ್ ಮತ್ತೆ ಕೇಳಿದೆ. "ಆರಿತು" ಅಂತಲೇ ಇದೆ. ನೋಟ್‌ಬುಕ್ಕಿನಲ್ಲಿ ಎರಡೂ ಹೇಳಿಕೆಗಳನ್ನು ತಾರೀಖು ಸಮೇತ ಒಂದರ ಕೆಳಗೊಂದು ಬರೆದಿದ್ದೇನೆ. ಎರಡರ ಮುಂದೆಯೂ "ಕಂಡದ್ದು". ನನ್ನ ಪ್ರತಿಯ 112ನೇ ಪುಟದಲ್ಲಿ ಆ ಪದಕ್ಕೆ ಕೆಂಪು ಸುತ್ತು ಹಾಕಿಟ್ಟಿದ್ದೇನೆ.